ಒಂದು ಹನಿ ಉಪ್ಪುನೀರು

ಅವತ್ತು ಪ್ರಾಕ್ಟಿಕಲ್‌ಗೆ ನಮಗೆ ಕೊಟ್ಟಿದ್ದು ಮೊಲದ ಸೊಂಟದ ಒಳಗಿನ ಸ್ನಾಯು. ಗ್ಲಿಸರಿನ್‌ನಲ್ಲಿ ಮುಳುಗಿಸಿ ಬಹಳ ದಿನ ಫ್ರೀಜರ್‌ನಲ್ಲಿ ಇಟ್ಟಿದ್ದ ತುಂಡು. ಬಿಳಿ ದಾರದ ಉಂಡೆಯ ಹಾಗಿತ್ತು. ಜೀವ ಎಂದೋ ಹೋಗಿದೆ. ಇದು ಕಣ್ಣೆದುರೇ ಕುಗ್ಗುತ್ತದೆ ಎಂದು ಮೇಡಂ ಹೇಳಿದಾಗ ನನಗೆ ನಂಬಿಕೆ ಬರಲಿಲ್ಲ.

ಗ್ಲಿಸರಿನ್ ಜೀವಕೋಶದ ಹೊರಪೊರೆಯನ್ನು ಕೆಡಿಸುತ್ತದೆ. ಒಳಗಿದ್ದ ಎಟಿಪಿ (ಜೀವಕೋಶಕ್ಕೆ ಶಕ್ತಿ ಕೊಡುವ ಅಣು), ಲವಣ ಎಲ್ಲ ಸೋರಿಹೋಗುತ್ತವೆ. ಆದರೆ ಆಕ್ಟಿನ್, ಮಯೋಸಿನ್ ಎಂಬ ಪ್ರೋಟೀನ್ ಎಳೆಗಳು ತಮ್ಮ ಜಾಗ ಬಿಡುವುದಿಲ್ಲ. ಮಯೋಸಿನ್ ಆಕ್ಟಿನ್ನನ್ನು ಹಿಡಿದು ಎಳೆದಾಗಲೇ ಸ್ನಾಯು ಕುಗ್ಗುವುದು. ಹಾಗಾಗಿ ನರದ ಸಂದೇಶ ಬೇಕಿಲ್ಲ, ಹೊರಗಿನಿಂದ ನಾವು ಏನು ಹಾಕುತ್ತೇವೋ ಅದೇ ನೇರ ಒಳಗೆ ಹೋಗುತ್ತದೆ. ಹಂಗೇರಿ ಮೂಲದ ವಿಜ್ಞಾನಿ ಆಲ್ಬರ್ಟ್ ಸೆಂಟ್-ಜಾರ್ಜಿ 1949ರಲ್ಲಿ ತೋರಿಸಿಕೊಟ್ಟ ದಾರಿ ಇದು.

ನಾರು ಬಿಡಿಸುವುದೇ ದೊಡ್ಡ ಕೆಲಸ. ಗಾಜಿನ ಸೂಜಿಯಿಂದ ಸೀಳುತ್ತಾ ಹೋಗಬೇಕು, ಕೂದಲಿಗಿಂತ ಸ್ವಲ್ಪ ದಪ್ಪ ಉಳಿಯುವವರೆಗೆ. ಅವಸರ ಮಾಡಿ ನಾನು ಮೊದಲು ದಪ್ಪ ಕಂತೆಯನ್ನೇ ಸ್ಲೈಡ್ ಮೇಲಿಟ್ಟೆ. ದ್ರಾವಣ ಅದರ ಹೊರಗಿನ ನಾರುಗಳನ್ನಷ್ಟೇ ಮುಟ್ಟಿತು. ಕಂತೆ ಒಂದು ಕಡೆಗೆ ಸೊಟ್ಟಗಾಯಿತು, ಅಳೆಯಲು ಬರಲಿಲ್ಲ. ಮತ್ತೆ ಮೊದಲಿಂದ ಶುರು.

ಎರಡನೇ ಸಲ ಮೂರು ನಾರು ಬಿಡಿಸಿದೆ. ಒಂದಕ್ಕೆ ಬರೀ ಲವಣದ ನೀರು: ಪೊಟ್ಯಾಸಿಯಂ ಕ್ಲೋರೈಡ್, ಜೊತೆಗೆ ಚೂರು ಮೆಗ್ನೀಷಿಯಂ ಕ್ಲೋರೈಡ್. ಏನೂ ಆಗಲಿಲ್ಲ. ಇನ್ನೊಂದಕ್ಕೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಕರಗಿಸಿದ ಎಟಿಪಿ. ಮೈಕ್ರೋಸ್ಕೋಪ್‌ನಿಂದ ಕಣ್ಣು ತೆಗೆಯದೆ ಕಾದೆ. ಅಲುಗಿದ್ದೇ ಗೊತ್ತಾಗದಷ್ಟು ಅಲುಗಿತು. ಎಟಿಪಿ ಅಂದರೆ ಸ್ನಾಯುವಿನ ಶಕ್ತಿ ಎಂದು ಎಷ್ಟು ಪರೀಕ್ಷೆಗಳಲ್ಲಿ ಬರೆದಿದ್ದೆ! ಅದೇ ಎದುರಿಗಿದ್ದೂ ನಾರು ಸುಮ್ನೆ ಬಿದ್ದಿತ್ತು.

ಮೂರನೆಯದಕ್ಕೆ ಎರಡನ್ನೂ ಒಟ್ಟಿಗೆ ಬಿಟ್ಟೆ. 12 ಮಿಲಿಮೀಟರ್ ಇದ್ದ ನಾರು ಅರ್ಧ ನಿಮಿಷದೊಳಗೆ 7ಕ್ಕೆ ಇಳಿಯಿತು. ಸ್ಲೈಡ್ ಕೆಳಗಿನ ಸ್ಕೇಲಿನ ಗೆರೆಗಳನ್ನು ಅದು ಒಂದೊಂದಾಗಿ ಬಿಟ್ಟುಕೊಡುತ್ತಾ ಒಳಸರಿಯುವುದನ್ನು ನೋಡಿ ನನ್ನ ಮೈ ಜುಮ್ಮೆಂದಿತು.

ಲವಣಕ್ಕೆ ಎಳೆಯುವ ಶಕ್ತಿ ಇಲ್ಲ, ಅಲ್ವಾ? ಮತ್ತೆ ಅದು ಮಾಡಿದ್ದೇನು? ಮೆಗ್ನೀಷಿಯಂ ಎಟಿಪಿಗೆ ಅಂಟಿಕೊಳ್ಳುತ್ತದೆ. ಮಯೋಸಿನ್ ಚೆನ್ನಾಗಿ ಬಳಸಿಕೊಳ್ಳುವುದು ಆ ಜೋಡಿಯನ್ನೇ. ಪೊಟ್ಯಾಸಿಯಂ ಕ್ಲೋರೈಡ್ ಪ್ರೋಟೀನುಗಳ ಸುತ್ತ ಬೇಕಾದಷ್ಟು ಉಪ್ಪಿನಂಶ ಒದಗಿಸುತ್ತದೆ. ಅದೂ ಹದವಾಗಿರಬೇಕು. ನಮ್ಮ ದ್ರಾವಣ ಲೀಟರಿಗೆ 0.05 ಮೋಲ್ ಇತ್ತು. ಅದನ್ನು 0.6ಕ್ಕೆ ಏರಿಸಿದರೆ ಮಯೋಸಿನ್ ಎಳೆಗಳೇ ಕರಗಿಬಿಡುತ್ತವೆ. ಉಪ್ಪು ಜಾಸ್ತಿಯಾದರೆ ಕುಗ್ಗುವ ಯಂತ್ರವೇ ಬಿಚ್ಚಿಹೋಗುತ್ತದೆ.

ಕ್ಯಾಲ್ಸಿಯಂ ಬೇಡವಾ ಎಂದು ಮೇಡಂ ಅವರನ್ನು ಕೇಳಿದೆ. ಬೇಕೇ ಬೇಕು ಎಂದರು. ಜೀವಂತ ಸ್ನಾಯುವಿನಲ್ಲಿ ಕ್ಯಾಲ್ಸಿಯಂ ಅಂದರೆ ಸ್ವಿಚ್. ಅದು ಆಕ್ಟಿನ್ ಎಳೆಯ ಮೇಲಿರುವ ಟ್ರೋಪೋನಿನ್ ಎಂಬ ಪ್ರೋಟೀನ್‌ಗೆ ಅಂಟಿದರೆ ಮಾತ್ರ ಮಯೋಸಿನ್‌ಗೆ ಆಕ್ಟಿನ್ ಹಿಡಿಯಲು ದಾರಿ ಬಿಡುತ್ತದೆ. ನಮ್ಮ ನಾರಿಗೆ ದ್ರಾವಣದಲ್ಲಿ, ನಾರಿನೊಳಗೆ ಉಳಿದಿದ್ದ ಚೂರುಪಾರೇ ಸಾಕಾಗಿತ್ತು. ಆಮೇಲೆ ಅವರು ಇಂಗ್ಲೆಂಡಿನ ವೈದ್ಯ ಸಿಡ್ನಿ ರಿಂಗರ್ ಕಥೆ ಹೇಳಿದರು. 1880ರ ದಶಕ, ಲಂಡನ್. ಉಪ್ಪಿನ ದ್ರಾವಣದಲ್ಲಿ ಕಪ್ಪೆಯ ಹೃದಯ ಚೆನ್ನಾಗಿ ಬಡಿಯುತ್ತಿತ್ತು. ಡಿಸ್ಟಿಲ್ಡ್ ವಾಟರ್‌ನಲ್ಲಿ ಮಾಡಿದ ದ್ರಾವಣ ಎಂದೇ ರಿಂಗರ್ ನಂಬಿದ್ದರು. ನಿಜವಾಗಿ ಅದು ನಲ್ಲಿ ನೀರು. ಶುದ್ಧ ನೀರಿನಲ್ಲಿ ಮಾಡಿ ನೋಡಿದಾಗ ಬಡಿತ ಸೋತು ನಿಂತಿತು. ನಲ್ಲಿ ನೀರಿನ ಕ್ಯಾಲ್ಸಿಯಮ್ಮೇ ಹೃದಯವನ್ನು ನಡೆಸುತ್ತಿತ್ತು. ತಪ್ಪು ಗೊತ್ತಾದ ಮೇಲೆ ಅವರು ಅದನ್ನು 1883ರಲ್ಲಿ ಪ್ರಕಟಿಸಿಯೇಬಿಟ್ಟರು. ನನಗೆ ಆ ಮನುಷ್ಯನ ಮೇಲೆ ಗೌರವ ಹುಟ್ಟಿದ್ದು ಇದಕ್ಕೇ.

ಲ್ಯಾಬ್ ಮುಗಿಯುವ ಹೊತ್ತಿಗೆ ಮೂರನೇ ನಾರಿನ ಮೇಲಿನ ದ್ರಾವಣ ತೊಳೆದೆ. ಮತ್ತೆ ಉದ್ದವಾಗಬಹುದೇನೋ ಎಂದುಕೊಂಡಿದ್ದೆ. ಆಗಲಿಲ್ಲ. ಎಟಿಪಿ ಇಲ್ಲದೆ ಮಯೋಸಿನ್ ಹಿಡಿತ ಬಿಡುವುದಿಲ್ಲ. ಬಿಟ್ಟರೂ ಹಿಂದಕ್ಕೆ ಎಳೆಯಲು ಅಲ್ಲಿ ಇನ್ನೊಂದು ಸ್ನಾಯು ಇಲ್ಲ. ಸ್ಲೈಡ್ ತೆಗೆಯುವ ಮುಂಚೆ ಮತ್ತೊಮ್ಮೆ ಅಳೆದೆ. 7 ಮಿಲಿಮೀಟರೇ ಇತ್ತು.