ಇಳಿಯುವ ದಾರಿಯಲ್ಲಿ ಕಚ್ಚಿದ ಹಾವು

ಶಿಖರದ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ. ಮಂಜು ಕವಿದಿತ್ತು, ಗಾಳಿಗೆ ನಿಲ್ಲಲಾಗಲಿಲ್ಲ, ಬೇಗ ಇಳಿಯತೊಡಗಿದೆವು. ಹುಲ್ಲುಗಾವಲು ಮುಗಿದು ಕಾಡು ಶುರುವಾಗುವಲ್ಲಿ ದಾರಿಗೆ ಅಡ್ಡಬಿದ್ದ ಮರವೊಂದಿತ್ತು. ಅದನ್ನು ದಾಟಿ ಆಚೆ ಕಾಲಿಟ್ಟವನೇ ಗೆಳೆಯ ಚೀರಿದ. ಗಿಡ್ಡನೆಯ ದಪ್ಪ ಹಾವೊಂದು ತರಗೆಲೆಯೊಳಗೆ ಸರಿದುಹೋಯಿತು. ಪಾದದ ಗಂಟಿನ ಮೇಲೆ ಎರಡು ಕೆಂಪು ಚುಕ್ಕೆ, ಸಣ್ಣಗೆ ಜಿನುಗುವ ರಕ್ತ.

ತಂಡದಲ್ಲೊಬ್ಬ ಆಗಲೇ ಶೂ ಲೇಸ್ ಬಿಚ್ಚಿ ಮೊಣಕಾಲಿನ ಕೆಳಗೆ ಬಿಗಿಯಲು ಹೊರಟಿದ್ದ, ಇನ್ನೊಬ್ಬ ಚಾಕು ಹುಡುಕುತ್ತಿದ್ದ. "ಏನೂ ಕಟ್ಟಬೇಡಿ, ಕೊಯ್ಯಬೇಡಿ. ಮೊದಲು ಅವರನ್ನ ಈಚೆಗೆ ಕರೆತನ್ನಿ," ಎಂದರು ಗೈಡ್. ಬಿಗಿದು ಕಟ್ಟಿದರೆ ರಕ್ತದ ಓಡಾಟ ನಿಂತು ಕಾಲಿಗೇ ಕುತ್ತು. ಇನ್ನು ಮಂಡಲದ ಜಾತಿಯ ಹಾವುಗಳ ವಿಷ ರಕ್ತವನ್ನು ಹೆಪ್ಪುಗಟ್ಟಲು ಬಿಡುವುದಿಲ್ಲ. ಕೊಯ್ದ ಗಾಯ ಸುಮ್ಮನೆ ಸೋರುತ್ತಲೇ ಇರುತ್ತದೆ. ಬಾಯಿಂದ ಹೀರಿ ಉಗಿಯುವುದು ಸಿನಿಮಾಕ್ಕೆ ಚೆಂದ.

ಬಾವು ಏರುವ ಮುಂಚೆಯೇ ಶೂ, ಸಾಕ್ಸ್ ಕಳಚಿದೆವು. ಟ್ರೆಕ್ಕಿಂಗ್ ಕೋಲನ್ನು ಕಾಲಿನುದ್ದಕ್ಕೂ ಇಟ್ಟು, ಕಾಲು ಅಲುಗದಷ್ಟೇ ಸಡಿಲವಾಗಿ ಬಟ್ಟೆ ಸುತ್ತಿದರು. ಆಸ್ಟ್ರೇಲಿಯಾದಲ್ಲಿ ಇಡೀ ಕಾಲಿಗೆ ಒತ್ತಿ ಬ್ಯಾಂಡೇಜ್ ಸುತ್ತುವ ಪದ್ಧತಿಯಿದೆ. ಅಲ್ಲಿನ ಹಾವುಗಳ ವಿಷ ಮುಖ್ಯವಾಗಿ ನರಕ್ಕೆ, ರಕ್ತಕ್ಕೆ ಹೊಡೆಯುತ್ತದೆ, ಕಚ್ಚಿದ ಜಾಗವನ್ನು ಅಷ್ಟಾಗಿ ಕೆಡಿಸುವುದಿಲ್ಲ. ಕಚ್ಚಿದಲ್ಲೇ ಮಾಂಸ ಕೊಳೆಯಿಸುವ ಮಂಡಲದ ವಿಷಕ್ಕೆ ಆ ಒತ್ತಡ ಹಾನಿ ಮಾಡೀತೆಂಬ ಅಂಜಿಕೆಯಿಂದ ಗೈಡ್ ಅದಕ್ಕೆ ಕೈಹಾಕಲಿಲ್ಲ. ಆಮೇಲೆ ಪೆನ್ನು ಕೇಳಿ ಪಡೆದು, ಊತದ ಅಂಚಿಗೆ ಗೆರೆ ಎಳೆದು ಪಕ್ಕದಲ್ಲೇ ಗಂಟೆ ಬರೆದರು. ಅರ್ಧ ಗಂಟೆಯಲ್ಲಿ ಊತ ಆ ಗೆರೆಯನ್ನು ದಾಟಿ ಮೀನಖಂಡದತ್ತ ಏರಿತ್ತು. ಚರ್ಮ ಬಿಗಿದು ಹೊಳೆಯುತ್ತಿತ್ತು.

"ನಡೀತೀನಿ ಕಣ್ರೋ, ಹೊರಬೇಡಿ," ಅಂದ ಗೆಳೆಯ. ಯಾರೂ ಕೇಳಲಿಲ್ಲ. ನಡೆದರೆ ಮಾಂಸಖಂಡಗಳ ಅಲುಗಾಟಕ್ಕೆ ವಿಷ ಬೇಗ ಮೈಗೇರುತ್ತದೆ. ಎರಡು ಗಟ್ಟಿ ಗಳುಗಳಿಗೆ ಜಾಕೆಟ್‌ಗಳ ತೋಳು ತೂರಿಸಿ ಸ್ಟ್ರೆಚರ್ ಮಾಡಿದೆವು. ಹೊರುವುದು ಅಂದುಕೊಂಡದ್ದಕ್ಕಿಂತ ಬಲು ಕಷ್ಟ. ಜಾರುವ ಬೇರುಗಳ ಮೇಲೆ ಹೆಗಲು ಬದಲಿಸುತ್ತ ಬದಲಿಸುತ್ತ ಸಾಗಬೇಕು. ನೋವಿಗೆ ಆಸ್ಪಿರಿನ್ ಕೊಡಲು ಹೊರಟವರನ್ನೂ ಗೈಡ್ ತಡೆದರು, ಅದೂ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ವಾಂತಿ ಬಂದಾಗ ಅವನನ್ನು ಮಗ್ಗುಲಿಗೆ ಮಲಗಿಸಿದೆವು.

ನನ್ನ ಮಟ್ಟಿಗೆ ಅಂದಿನ ಜಾಣತನದ ಕೆಲಸವೆಂದರೆ ಗೈಡ್ ಸಿಗ್ನಲ್ ಸಿಕ್ಕ ದಿಬ್ಬದಿಂದಲೇ ಮಾಡಿದ ಫೋನು. ಹತ್ತಿರದ ಆಸ್ಪತ್ರೆಯಲ್ಲಿ ಪ್ರತಿವಿಷ ಇರಲಿಲ್ಲ. ಜೀಪು ನೇರವಾಗಿ ದೊಡ್ಡ ಆಸ್ಪತ್ರೆಯ ದಾರಿ ಹಿಡಿಯಿತು.

ಅಲ್ಲಿ ಗಾಜಿನ ನಳಿಕೆಯಲ್ಲಿ ಒಂದಿಷ್ಟು ರಕ್ತ ತೆಗೆದು ಅಲುಗಿಸದೆ ಇಟ್ಟರು. 20 ನಿಮಿಷದ ಮೇಲೆ ಓರೆಮಾಡಿದರೆ ನೀರಿನಂತೆ ಹರಿಯಿತು. ಕೂಡಲೇ ಡ್ರಿಪ್‌ನಲ್ಲಿ ಪ್ರತಿವಿಷ ಶುರುವಾಯಿತು. ಕುದುರೆಯ ರಕ್ತದಿಂದ ತಯಾರಾಗುವ ಔಷಧಿ. ಕೆಲವರಿಗೆ ಒಗ್ಗದೆ ಉಸಿರು ಕಟ್ಟುವುದೂ ಉಂಟು, ಅದಕ್ಕೇ ನರ್ಸ್ ಪಕ್ಕದಿಂದ ಕದಲಲಿಲ್ಲ. ಮರುದಿನದ ಹೊತ್ತಿಗೆ ರಕ್ತ ಹೆಪ್ಪುಗಟ್ಟತೊಡಗಿತ್ತು. ಕಾಲಿನ ಊತ ಮಾತ್ರ ಅಷ್ಟು ಬೇಗ ಇಳಿಯಲಿಲ್ಲ. ಪ್ರತಿವಿಷ ರಕ್ತದಲ್ಲಿರುವ ವಿಷವನ್ನು ತಡೆಯುತ್ತದೆಯೇ ಹೊರತು ಆಗಲೇ ಕೆಟ್ಟ ಮಾಂಸವನ್ನು ಸರಿಮಾಡುವುದಿಲ್ಲ ಎಂದರು ಡಾಕ್ಟರು.