ಮೊದಲ ಮೋರ್ಸ್ ಕೀ: ಸ್ಟ್ರೈಟ್ ಕೀಯೋ, ಪ್ಯಾಡಲ್ಲೋ?

ಹವ್ಯಾಸಿಗಳ ಹ್ಯಾಮ್ ರೇಡಿಯೋಗೆ ಬಂದು ಮೋರ್ಸ್ ಸಂಕೇತ ಕಲಿಯಲು ಹೊರಟವರು ತಪ್ಪದೆ ಕೇಳುತ್ತಾರೆ, ಅದನ್ನು ಕಳಿಸಲು ಮೊದಲು ಯಾವ ಕೀ ಕೊಳ್ಳಲಿ ಎಂದು. ನಿಮ್ಮ ರಿಗ್ಗಿನೊಳಗೆ (ರೇಡಿಯೋ ಸೆಟ್ಟಿನೊಳಗೆ) ಕೀಯರ್, ಅಂದರೆ ಸದ್ದುಗಳನ್ನು ತಾನೇ ಅಳೆದು ಕಳಿಸುವ ಸರ್ಕ್ಯೂಟ್ ಇದ್ದರೆ ಎರಡು ಲಿವರಿನ ಪ್ಯಾಡಲ್ ಕೊಳ್ಳಿ. ಕೀಯರ್ ಇಲ್ಲದ ಪುಟ್ಟ ಕಿಟ್ ಆದರೆ ಒತ್ತಿ ಬಿಡುವ ಒಂದೇ ಗುಂಡಿಯ ಸ್ಟ್ರೈಟ್ ಕೀ ಸಾಕು.

ಮೋರ್ಸ್ ಪೂರ್ತಿ ಕಾಲದ ಲೆಕ್ಕ. ಚಿಕ್ಕ ಸದ್ದು ಡಿಟ್ ಒಂದು ಮಾತ್ರೆಯಾದರೆ ಉದ್ದ ಸದ್ದು ಡಾ ಮೂರು. ಅಕ್ಷರದೊಳಗಿನ ಬಿಡುವು ಒಂದು, ಅಕ್ಷರಗಳ ನಡುವೆ ಮೂರು, ಪದಗಳ ನಡುವೆ ಏಳು. ನಿಮಿಷಕ್ಕೆ 12 ಪದಗಳ ವೇಗದಲ್ಲಿ ಒಂದು ಮಾತ್ರೆ 100 ಮಿಲಿಸೆಕೆಂಡ್, 20 ಪದಗಳಲ್ಲಿ 60. ಸ್ಟ್ರೈಟ್ ಕೀಯಲ್ಲಿ ಇಷ್ಟನ್ನೂ ಮಣಿಕಟ್ಟೇ ಅಳೆಯಬೇಕು. ಪ್ಯಾಡಲ್ ಹಿಡಿದರೆ ಡಿಟ್, ಡಾ ಮತ್ತು ಅವುಗಳ ನಡುವಿನ ಬಿಡುವನ್ನು ಕೀಯರ್ ನೋಡಿಕೊಳ್ಳುತ್ತದೆ. ಅಕ್ಷರಗಳ ನಡುವಿನ ಬಿಡುವು ಮಾತ್ರ ನಿಮ್ಮದು. ಹೊಸಬರು ನುಂಗುವುದೂ ಅದನ್ನೇ: ಒಂದು ಡಿಟ್‌ನ ‘ಇ’, ಒಂದು ಡಾದ ‘ಟಿ’ ಅಂಟಿಕೊಂಡರೆ ಕೇಳುವವರಿಗೆ ‘ಎ’ ಆಗಿಬಿಡುತ್ತದೆ.

ಡಿಟ್‌ಗಳನ್ನು ಮಾತ್ರ ತಾನೇ ಹೊರಡಿಸುವ ಅರೆಸ್ವಯಂಚಾಲಿತ ಕೀ ‘ಬಗ್’ ಈಗ ಬೇಡ. ಅದರ ಡಿಟ್‌ಗಳನ್ನು ಕಲಿಯುವವರ ವೇಗಕ್ಕೆ ಇಳಿಸುವುದು ಕಷ್ಟ.

ಕೊಳ್ಳುವಾಗ ಮೊದಲು ನೋಡಬೇಕಾದ್ದು ತೂಕ. ಬೆರಳು ತಾಗಿದೊಡನೆ ಮೇಜಿನ ಮೇಲೆ ಜಾರುವ ಕೀ ಎಷ್ಟು ಚೆಂದವಿದ್ದರೂ ಕೈ ಕೆಡಿಸುತ್ತದೆ. ಒಂದು ಕಿಲೋ ಆಸುಪಾಸಿನ ತಳವಿದ್ದರೆ ನೆಮ್ಮದಿ. ಹಗುರವಾದದ್ದೇ ಸಿಕ್ಕರೆ ದಪ್ಪ ಹಲಗೆಗೆ ಸ್ಕ್ರೂ ಹಾಕಿ, ಅಡಿಗೆ ರಬ್ಬರ್ ಅಂಟಿಸಿ.

ಆಮೇಲೆ ಹೊಂದಾಣಿಕೆ. ಕಾಂಟ್ಯಾಕ್ಟ್‌ಗಳ ನಡುವೆ ಒಂದು ಹಾಳೆ ಬರೆಯುವ ಕಾಗದ ಸಲೀಸಾಗಿ ಸರಿಯುವಷ್ಟು ಸಂದು, ಅಂದರೆ ಸುಮಾರು 0.1 ಮಿ.ಮೀ., ಎರಡೂ ಕಡೆ ಸಮನಾಗಿರಲಿ. ಸ್ಪ್ರಿಂಗ್ ಬಿಗಿ, ಲಿವರ್ ತಾನಾಗಿ ಹಿಂತಿರುಗುವಷ್ಟಿದ್ದರೆ ಸಾಕು. ಸಂದು ತೀರಾ ಕಿರಿದಾಗಿ ಸ್ಪ್ರಿಂಗ್ ಸಡಿಲವಾದರೆ ಬೇಡದ ಡಿಟ್‌ಗಳು ಉದುರುತ್ತವೆ; ಸಂದು ಹಿರಿದಾದರೆ ಲಿವರನ್ನು ಬಡಿಯುವ ಚಾಳಿ ಹತ್ತುತ್ತದೆ.

ವೈರಿಂಗ್‌ನಲ್ಲಿ ಎಡವುವವರು ಬಹಳ. ಪ್ಯಾಡಲ್‌ಗೆ ಮೂರು ಭಾಗದ ಸ್ಟೀರಿಯೋ ಪ್ಲಗ್ ಬೇಕು: ಸಾಮಾನ್ಯವಾಗಿ ತುದಿಗೆ ಡಿಟ್, ನಡುವಿನ ಉಂಗುರಕ್ಕೆ ಡಾ, ಬುಡಕ್ಕೆ ಗ್ರೌಂಡ್. ಬಲಗೈಯವರಿಗೆ ಹೆಬ್ಬೆರಳಿನ ಕಡೆ ಡಿಟ್; ಎಡಗೈಯವರು ಅದಲುಬದಲು ಮಾಡಿಕೊಳ್ಳಬಹುದು. ರಿಗ್ ಪ್ಯಾಡಲ್ ಸೆಟ್ಟಿಂಗ್‌ನಲ್ಲಿರುವಾಗ ಸ್ಟ್ರೈಟ್ ಕೀಯ ಮೋನೋ ಪ್ಲಗ್ ತೂರಿಸಿದರೆ ಉಂಗುರ ಗ್ರೌಂಡಿಗೆ ತಾಗಿ, ಯಾರೂ ಮುಟ್ಟದಿದ್ದರೂ ಡಾಗಳ ಸರಮಾಲೆ ಶುರುವಾಗುತ್ತದೆ. ಕೀ ಕೆಟ್ಟಿಲ್ಲ, ಮೆನು ಬದಲಿಸಿ. ಅಭ್ಯಾಸದ ಹೊತ್ತಿನಲ್ಲಿ ಬ್ರೇಕ್-ಇನ್ (ಕೀ ಒತ್ತಿದೊಡನೆ ರಿಗ್ ಪ್ರಸಾರಕ್ಕೆ ಹೊರಳುವ ಸೌಲಭ್ಯ) ಆಫ್ ಮಾಡಿಟ್ಟರೆ ಸೈಡ್‌ಟೋನ್, ಅಂದರೆ ನಿಮ್ಮ ಕೀಯ ಸದ್ದು ಮಾತ್ರ ನಿಮಗೆ ಕೇಳುತ್ತದೆ, ಸಿಗ್ನಲ್ ಹೊರಗೆ ಹೋಗುವುದಿಲ್ಲ.

ಎರಡೂ ಲಿವರ್ ಒಟ್ಟಿಗೆ ಒತ್ತಿದರೆ ಡಿಟ್, ಡಾ ಒಂದರ ಬೆನ್ನಿಗೊಂದು ಹೋಗುವುದೇ ಐಯಾಂಬಿಕ್ ವಿಧಾನ; ಕೀಯರ್‌ನಲ್ಲಿ ಅದರ ‘ಎ’ ಬಗೆಯನ್ನು ಆರಿಸಿ. ‘ಬಿ’ಯಲ್ಲಿ ಎರಡೂ ಲಿವರ್ ಒಟ್ಟಿಗೆ ಒತ್ತಿ ಬಿಟ್ಟ ಮೇಲೂ ಇನ್ನೊಂದು ಡಿಟ್ ಅಥವಾ ಡಾ ಹೋಗುತ್ತದೆ. ಅದಕ್ಕೆ ಒಗ್ಗಿದ ಕೈಗೆ ಮತ್ತೆ ‘ಎ’ ಹಿಡಿಯುವುದು ತ್ರಾಸ, ಆದ್ದರಿಂದ ಮೊದಲ ದಿನವೇ ನಿರ್ಧರಿಸಿಬಿಡಿ.

ಸ್ಟ್ರೈಟ್ ಕೀ ಆರಿಸಿದವರು ಗುಂಡಿಯನ್ನು ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಿಂದ ಮೆತ್ತಗೆ ಹಿಡಿದು ಮಣಿಕಟ್ಟನ್ನು ಆಡಿಸಬೇಕು. ಬೆರಳ ತುದಿಯಿಂದ ಕುಟ್ಟಿದರೆ ಕೈ ಬೇಗ ಸೋಲುತ್ತದೆ. ಕಾಂಟ್ಯಾಕ್ಟ್ ಮಸುಕಾದರೆ ನಡುವೆ ಬಿಳಿ ಕಾಗದದ ಚೂರಿಟ್ಟು ಹಗುರಾಗಿ ಒತ್ತಿ ಎಳೆಯಿರಿ. ಉಪ್ಪುಕಾಗದ ಮುಟ್ಟಿಸಿದರೆ ಲೇಪ ಎದ್ದುಹೋಗುತ್ತದೆ.