ನಮ್ಮ ದೇವಸ್ಥಾನಕ್ಕೆ ಎಷ್ಟು ವರ್ಷ ಆಯ್ತು?

ದೇವಸ್ಥಾನಗಳನ್ನು ಹೊಸದು ಮಾಡಿ ಬ್ರಹ್ಮಕಲಶೋತ್ಸವ ನಡೆಸುವ ಸೀಸನ್ ಬಂತೆಂದರೆ ನನ್ನ ಫೋನಿಗೆ ಪುರುಸೊತ್ತಿಲ್ಲ. "ಸ್ಮರಣ ಸಂಚಿಕೆ ತರ್ತಾ ಇದ್ದೇವೆ. ನಮ್ಮ ದೇವಸ್ಥಾನಕ್ಕೆ ಎಷ್ಟು ವರ್ಷ ಆಯ್ತು ಅಂತ ಒಮ್ಮೆ ಹೇಳಿ ಮಾರಾಯ್ರೆ." ಉಡುಪಿ ಸುತ್ತಮುತ್ತ ಶಾಸನ ಹುಡುಕಿಕೊಂಡು ತಿರುಗುವವನು ನಾನು. ಅದು ಗೊತ್ತಾದರೆ ಮದುವೆ ಊಟದ ಪಂಕ್ತಿಯಲ್ಲೂ ಇದೇ ಪ್ರಶ್ನೆ. ಕೇಳುವವರ ಮನಸ್ಸಲ್ಲಿ ಉತ್ತರ ಮೊದಲೇ ಇರುತ್ತದೆ. ಸಾವಿರಕ್ಕೆ ಕಡಿಮೆ ಆಗಬಾರದು, ಅಷ್ಟೇ.

ನಾನು ತಿರುಗಿ ಕೇಳುತ್ತೇನೆ: ಯಾವುದಕ್ಕೆ ಎಷ್ಟು ವರ್ಷ? ಮೂರ್ತಿಗಾ, ಗರ್ಭಗುಡಿಗಾ, ಅಂಗಳದ ಶಾಸನಕ್ಕಾ? ನಮ್ಮದು ಮುರಕಲ್ಲು, ಮರ, ಹಂಚಿನ ಊರು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ. ಮಾಡಿನ ಮರ ಕೊಳೆಯುತ್ತದೆ, ಬಿಚ್ಚಿ ಕಟ್ಟುತ್ತಾರೆ, ಮತ್ತೆ ಕೊಳೆಯುತ್ತದೆ. ದೇವರು ಮಾತ್ರ ಅಲ್ಲೇ.

ಮಂಗಳೂರಿನ ಕದ್ರಿ ದೇವಸ್ಥಾನವನ್ನೇ ನೋಡಿ. ಅಲ್ಲಿನ ಕಂಚಿನ ಲೋಕೇಶ್ವರನಿಗೆ ಮೂರು ಮುಖ, ಆರು ಕೈ. ಪೀಠದ ಶಾಸನದಲ್ಲಿ ಕಲಿವರ್ಷ, ಅಂದರೆ ಕಲಿಯುಗ ಶುರುವಾದಲ್ಲಿಂದ ಎಣಿಸಿದ ವರ್ಷ, 4068 ಅಂತ ಇದೆ. ನಮ್ಮ ಲೆಕ್ಕಕ್ಕೆ ಕ್ರಿ.ಶ. 968. ಮಾಡಿಸಿದವನು ತುಳುನಾಡನ್ನು ಆಳಿದ ಆಳುಪ ವಂಶದ ಅರಸ ಕುಂದವರ್ಮ. ಆ ಜಾಗಕ್ಕೆ ಶಾಸನದಲ್ಲಿರುವ ಹೆಸರು ಕದರಿಕಾ ವಿಹಾರ. ಇಷ್ಟು ಸ್ಪಷ್ಟ ಇಸವಿ ಸಿಗುವುದು ನಮ್ಮ ಕಡೆ ಅಪರೂಪ. ಆದರೂ 968 ಆ ಮೂರ್ತಿಯದ್ದು. ಈಗ ನಾವು ಒಳಗೆ ಹೋಗುವ ಕಟ್ಟಡಕ್ಕೆ ಅದನ್ನು ಅಂಟಿಸುವ ಹಾಗಿಲ್ಲ.

ಇಸವಿಯೇ ಇಲ್ಲದಿದ್ದರೆ? ಆಗ ಪಾದೂರು ಗುರುರಾಜ ಭಟ್ಟರ ಪುಸ್ತಕ ಬಿಚ್ಚುತ್ತೇನೆ. ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನ ಪ್ರಾಂಶುಪಾಲರಾಗಿದ್ದವರು. ಊರೂರು ತಿರುಗಿ, ಮೂರ್ತಿಯ ಕೈಯ ಚಕ್ರ, ಕಿರೀಟ, ಪ್ರಭಾವಳಿ ನೋಡಿ ಕಾಲ ಅಂದಾಜು ಮಾಡಿದರು. ತುಳುನಾಡಿನ ಇತಿಹಾಸದ ಮೇಲೆ ಅವರ ದೊಡ್ಡ ಇಂಗ್ಲಿಷ್ ಗ್ರಂಥ ಬಂದದ್ದು 1975ರಲ್ಲಿ. 1978ರಲ್ಲಿ ತೀರಿಕೊಂಡರು. ಹಾಗಂತ ಅವರು ಹೇಳಿದ್ದನ್ನೂ ಕಣ್ಣು ಮುಚ್ಚಿ ಒಪ್ಪುವವನಲ್ಲ ನಾನು. ಶೈಲಿ ನೋಡಿ ಹೇಳಿದ ಕಾಲ ಸ್ವಲ್ಪ ಆಚೀಚೆ ಆಗಿಯೇ ಆಗುತ್ತದೆ.

ನನ್ನದೇ ಒಂದು ಕಥೆ ಹೇಳುತ್ತೇನೆ. ಊರಿನ ಹೆಸರು ಬೇಡ. ದೇವಸ್ಥಾನದ ಬಾವಿಕಟ್ಟೆಯ ಹತ್ತಿರ ಬಟ್ಟೆ ಒಗೆಯುವ ಕಲ್ಲೊಂದಿತ್ತು. ಮಗುಚಿ ನೋಡಿದರೆ ಅಡಿಯಲ್ಲಿ ಸೂರ್ಯ, ಚಂದ್ರ, ಕೆಳಗೆ ಸಾಲು ಸಾಲು ಅಕ್ಷರ. ಹಗಲು ಬೆಳಕಿಗೆ ಓದಲಾಗಲಿಲ್ಲ. ರಾತ್ರಿ ಕಾದು ಕುಳಿತು, ಟಾರ್ಚನ್ನು ಪಕ್ಕದಿಂದ ಹಿಡಿದೆವು. ಸವೆದ ಅಕ್ಷರಕ್ಕೆ ನೆರಳು ಬಿದ್ದಾಗ ಮಾತ್ರ ಅದು ಎದ್ದು ಕಾಣುತ್ತದೆ. ವಿಜಯನಗರದ ಕಾಲದ್ದು. ಆಗಿನ ಪ್ರಾಂತ್ಯವಾದ ಬಾರಕೂರು ರಾಜ್ಯವನ್ನು ಆಳುತ್ತಿದ್ದ ಅಧಿಕಾರಿಯ ಹೆಸರು, ದೇವರ ಅಮೃತಪಡಿಗೆ, ಅಂದರೆ ನೈವೇದ್ಯಕ್ಕೆ, ಬಿಟ್ಟ ಗದ್ದೆ, ಅದರಿಂದ ಬರಬೇಕಾದ ಅಕ್ಕಿ ಎಷ್ಟು ಮುಡಿ (ಹುಲ್ಲಲ್ಲಿ ಕಟ್ಟಿದ ಅಕ್ಕಿಮೂಟೆಯ ಅಳತೆ) ಅನ್ನುವ ಲೆಕ್ಕ. ಕೊನೆಗೆ, ಇದನ್ನು ತಪ್ಪಿಸಿದವರಿಗೆ ಗಂಗೆಯ ತಡಿಯಲ್ಲಿ ಕಪಿಲೆ ಹಸುವನ್ನು ಕೊಂದ ಪಾಪ.

"600 ವರ್ಷದ ಹಿಂದೆ ಇಲ್ಲಿ ನೈವೇದ್ಯ ನಡೆಯುತ್ತಿತ್ತು" ಅಂತ ಬರೆದುಕೊಟ್ಟೆ. ಸಂಚಿಕೆಯಲ್ಲಿ ಅಚ್ಚಾದದ್ದು 1600. ಪ್ರಿಂಟಿಂಗ್ ಮಿಸ್ಟೇಕ್ ಅಂತೆ! ಮುಡಿ ಅಕ್ಕಿಯ ಸಾಲನ್ನು ಜಾಗ ಸಾಲದೆಂದು ತೆಗೆದಿದ್ದರು. ನನಗೆ ಬೇಜಾರಾದದ್ದು ಅದಕ್ಕೇ. ಆ ಗದ್ದೆಯ ಹೆಸರು ಆ ಊರಲ್ಲಿ ಇವತ್ತಿಗೂ ಬಳಕೆಯಲ್ಲಿದೆ, ಅಲ್ವಾ?

ಆದರೂ ಫೋನ್ ಮಾಡಿ, ಬರುತ್ತೇನೆ. ಬೊಂಡ (ಎಳನೀರು) ಕೊಟ್ಟರೆ ಸಾಕು. ನಾನು ಬರುವವರೆಗೆ ಮಾತ್ರ ಕಲ್ಲಿಗೆ ಆಸಿಡ್ ಹಾಕಿ ತಿಕ್ಕಬೇಡಿ, ಅಕ್ಷರಕ್ಕೆ ಪೇಂಟ್ ಬಳಿಯಬೇಡಿ.